ಗಿಣಿ ಕೇಳಿದ ವಾಯಿದೆ

ಕಾನೂನು ಓದಿದ್ದ ಗಿಣಿಯೊಂದು ಕೋರ್ಟಿನಲ್ಲಿ ವಾದ ಮಾಡುವುದನ್ನು ಕಲಿಯಲು ಆಮೆಯ ಬಳಿ ಉನ್ನತ ತರಬೇತಿಗೆ ಸೇರಿತು. ಆಮೆ ಹಿರಿಯ ವಕೀಲ, ಅಂದರೆ ತುಂಬಾ ನಿಧಾನ. "ನ್ಯಾಯಾಧೀಶರು ಏನೇ ಕೇಳಲಿ, ವಾಯಿದೆ ಕೇಳು. ಅಂದರೆ, ಇನ್ನೊಂದು ದಿನ ಬರುತ್ತೇನೆ ಅನ್ನು" ಎಂದು ಅದು ಕಲಿಸಿತು. ಗಿಣಿ ಎಲ್ಲರಿಗಿಂತ ಹೆಚ್ಚು ಅಂಕ ಪಡೆದು ಪಾಸಾಯಿತು.

ಅದರ ಮೊದಲ ಕಕ್ಷಿದಾರ ಬೋನಿನಲ್ಲಿದ್ದ ಇಲಿ. ಕಡತ ಓದಿದ ನ್ಯಾಯಾಧೀಶ ಆನೆ, "ಬೆಣ್ಣೆ ಕದ್ದದ್ದು ಬೆಕ್ಕು ಎಂದು ಸಾಬೀತಾಗಿದೆ. ಇಲಿಯನ್ನು ಈಗಲೇ ಬಿಡಬಹುದು. ವಕೀಲರು ಏನನ್ನುತ್ತೀರಿ?" ಎಂದಿತು.

"ವಾಯಿದೆ ಬೇಕು ಸ್ವಾಮಿ" ಎಂದಿತು ಗಿಣಿ.

ಆನೆ ಒಂದು ತಿಂಗಳು ಕೊಟ್ಟಿತು. ಹಿಂದಿನ ಬೆಂಚಿನಲ್ಲಿದ್ದ ಆಮೆ ಹೆಮ್ಮೆಯಿಂದ ತಲೆಯಾಡಿಸಿತು.

ಇಲಿ ಬೋನಿನ ಸರಳು ಹಿಡಿದು ಕೇಳಿತು: "ಗಿಣಿರಾಯರೇ, ನಿಮಗಿಂತ ಕಡಿಮೆ ಕಲಿತವರು ಯಾರಾದರೂ ಸಿಗುತ್ತಾರೆಯೇ?"