ಕುಡಿಯಲೊಲ್ಲದ ಮಣ್ಣು

"ಕೇಳಿರಪ್ಪೋ ಕೇಳಿರಿ! ದೊರೆಮಗಳು ಸೋಮಲಾದೇವಿಯವರ ಮೂರು ಒಗಟು ಬಿಡಿಸಿ ಕಣ್ಣೆದುರು ತೋರಿಸಿದವನಿಗೆ ಅವರೊಡನೆ ಮದುವೆ, ಅರ್ಧ ರಾಜ್ಯ! ತಪ್ಪಿದವನಿಗೆ ಅಮಾವಾಸ್ಯೆಯ ದಿನ ತಲೆದಂಡ!"

ಡಂಗುರ ಕಾಡಿನಂಚಿನ ಸಿಂಗನ ಕಿವಿಗೂ ಬಿತ್ತು. ಇದ್ದಿಲು ಸುಟ್ಟು ಬದುಕುವವನು, ಹಿಂದೆ ಮುಂದೆ ಯಾರೂ ಇಲ್ಲ. ವಾರಗಟ್ಟಲೆ ನರಪಿಳ್ಳೆಯ ಸುಳಿವಿಲ್ಲದೆ ಅವನಿಗೆ ತನ್ನ ದನಿಯೇ ಮರೆತಂತಾಗಿತ್ತು. ರಾಜ್ಯ ಕಟ್ಟಿಕೊಂಡು ಅವನಿಗೇನಾಗಬೇಕು? ಯಾರೋ ತನ್ನನ್ನೊಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಾರಲ್ಲ, ಅಷ್ಟಕ್ಕೇ ತಲೆ ಪಣವಿಟ್ಟು ಹೊರಟ.

ಸಭೆ ಸೇರಿದ್ದು ಅರಮನೆಯ ಹಿತ್ತಲಲ್ಲಿ. ಸೋಮಲಾದೇವಿಯ ತಾಯಿ, ತೀರಿಕೊಂಡ ರಾಣಿ ಬೆಳೆಸಿದ್ದ ತೋಟ ಅದು, ಹೋದ ಬೇಸಿಗೆಯಲ್ಲಿ ಬೆಂಕಿ ಬಿದ್ದು ಸುಟ್ಟುಹೋಗಿತ್ತು.

"ದಿನಾ ಕೊಡಗಟ್ಟಲೆ ಸುರಿದರೂ ಗುಟುಕು ನೀರು ಕುಡಿಯದೆ ಒಣಗುವುದು ಯಾವುದು?" ಎಂದಳು ಸೋಮಲಾದೇವಿ.

"ತಾವರೆ ಎಲೆ!" ಒಬ್ಬ ರಾಜಕುಮಾರ ಮೀಸೆ ತಿರುವಿದ. "ಬಾತುಕೋಳಿ ಬೆನ್ನು!" ಎಂದ ಇನ್ನೊಬ್ಬ. ಇಬ್ಬರನ್ನೂ ಭಟರು ಸೆರೆಮನೆಗೆ ಎಳೆದೊಯ್ದರು.

ಸಿಂಗ ಮುಂದೆ ಬಂದ. "ನಮ್ಮ ಕಾಲಡಿಯ ಮಣ್ಣು, ಅಮ್ಮಣ್ಣೀ," ಎಂದು ಅಲ್ಲಿದ್ದ ಕೊಡದಿಂದ ನೀರು ಚೆಲ್ಲಿದ. ಅದು ಮಣಿಮಣಿಯಾಗಿ ಉರುಳಿತು.

"ಅದರ ಬಾಯಿ ಕಟ್ಟಿದವರು ಯಾರು?"

"ಬೆಂಕಿ. ಎಲೆಯೊಳಗಿನ ಮೇಣ ಹೊಗೆಯಾಗಿ ಇಳಿದು ಒಂದೊಂದು ಕಣಕ್ಕೂ ಮೆತ್ತಿಕೊಂಡಿದೆ. ನನ್ನ ಇದ್ದಿಲುಗುಂಡಿಯ ಸುತ್ತಲೂ ಹಿಂಗೇ." ಅವನು ಬೇಲಿಯಾಚೆಯ ಸುಡದ ಮಣ್ಣಿಗೆ ನೀರು ಹಾಕಿದ. ಹಾಕಿದ್ದೇ ತಡ, ಇಂಗಿಹೋಯಿತು.

"ಮಣ್ಣಿನ ಮುನಿಸನ್ನು ಯಾವ ಅಳತೆಯಲ್ಲಿ ಅಳೆಯುತ್ತೀಯ?"

"ಉಸಿರಲ್ಲಿ."

ಸಿಂಗ ಸುಟ್ಟ ನೆಲದ ಮೇಲೆ ಒಂದೇ ಒಂದು ಹನಿ ಇಟ್ಟು ಉಸಿರು ಎಣಿಸತೊಡಗಿದ. ನೂರಾಯಿತು, ಇನ್ನೂರಾಯಿತು. ಕೊತ್ವಾಲನ ಕೈ ಕತ್ತಿಯ ಹಿಡಿಗೆ ಹೋಯಿತು. ಮುನ್ನೂರ ಏಳನೆಯ ಉಸಿರಿಗೆ ಹನಿ ಇಂಗಿತು. ಅಲ್ಲೇ ಗೇಣುದ್ದ ಅಗೆದು ಇನ್ನೊಂದು ಹನಿ ಇಟ್ಟ. ಎರಡೇ ಉಸಿರು!

"ಮುನಿಸು ಮೇಲುಮೇಲಕ್ಕೆ ಅಷ್ಟೇ, ಅಮ್ಮಣ್ಣೀ. ಅಗೆದು ಮೇಲುಮಣ್ಣಿಗೆ ಜೇಡಿ ಬೆರೆಸಿದರೆ ತೋಟ ಬದುಕುತ್ತದೆ."

ದೊರೆ ಎದ್ದುನಿಂತು ಮಗಳನ್ನೂ ಅರ್ಧ ರಾಜ್ಯವನ್ನೂ ಕೊಟ್ಟೆನೆಂದ. ಸೆರೆಯಲ್ಲಿದ್ದವರ ತಲೆ ಉಳಿಯಲಿ ಎಂದು ಸಿಂಗ ಬೇಡಿದ. ಉಳಿಯಿತು. ಮೀಸೆಯ ರಾಜಕುಮಾರರ ಕೈಗೆ ತೋಟ ಅಗೆಯಲು ಗುದ್ದಲಿ ಬಂತು.

ಎಲ್ಲರೂ ಹೋದಮೇಲೆ ಸೋಮಲಾದೇವಿ ಕೇಳಿದಳು: "ಕಾಡಿನಲ್ಲಿ ಇದನ್ನೆಲ್ಲ ಯಾರಿಗಾಗಿ ಎಣಿಸುತ್ತಿದ್ದೆ?"

"ಯಾರಿಗೂ ಅಲ್ಲ. ಎಣಿಸುವಷ್ಟು ಹೊತ್ತು ಒಬ್ಬನೇ ಇದ್ದೀನಿ ಅನ್ನಿಸುತ್ತಿರಲಿಲ್ಲ."

ಅವಳು ಬಂದು ಅವನ ಪಕ್ಕ ಮಣ್ಣಿನ ಮೇಲೇ ಕುಳಿತಳು.

"ನಾನು ಒಗಟು ಹಾಕಿದ್ದೂ ಅದಕ್ಕೇ," ಎಂದಳು.