ಗಾಜಿನ ಮೇಲಿನ ಹಲಗೆ

ಪೆದ್ದರು ಎಲ್ಲಾ ಊರಲ್ಲೂ ಇರ್ತಾರೆ, ಇರಲಿ. ಆದರೆ ಹಿರಿಯೂರಿನ ಬೋರಮ್ಮನ ಮಗ ಓಬಳೇಶನಂಥವನು ಇನ್ನೊಬ್ಬ ಸಿಗಲಿಕ್ಕಿಲ್ಲ. ಮೂವತ್ತು ತುಂಬಿದೆ, ಮೀಸೆ ಇದೆ, ಹೊತ್ತಿಗೆ ಮೂರು ಮುದ್ದೆ ಇಳಿಯುತ್ತೆ. ತಲೆಯೊಳಗೆ ಮಾತ್ರ ಗಾಳಿ ಆಡುತ್ತೆ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಾನೆ, ಅದೇ ಅವನ ರೋಗ.

ಬೋರಮ್ಮನ ಗಂಡ ಪಾಲಯ್ಯ ಸಾಯುವಾಗ ಒಂದು ಲಾರಿ ಬಿಟ್ಟುಹೋಗಿದ್ದ. ಹನ್ನೆರಡು ವರ್ಷ ಹಿತ್ತಲಲ್ಲಿ ನಿಂತದ್ದನ್ನ ಅವಳು ರಿಪೇರಿಗೆ ಗೌಸ್ ಮೇಸ್ತ್ರಿಯ ಗ್ಯಾರೇಜಿಗೆ ಎಳೆಸಿದಳು. ಕ್ಯಾಬಿನ್ನಿನ ಒಳಗಿರೋದನ್ನೆಲ್ಲ ಬಿಚ್ಚೋ ಕೆಲಸಕ್ಕೆ ಮಗನನ್ನೇ ಹಚ್ಚಿದಳು. ಅದು ಅವಳ ತಪ್ಪು.

"ಒಳಗಡೆ, ಮುಂದಿನ ಗಾಜಿನ ಮೇಲ್ಗಡೆ ಒಂದು ಹಲಗೆ ಐತೆ ಕಣೋ," ಅಂದಳು ಕಳಿಸುವಾಗ. "ಅದರ ಮೇಲೆ ನಿಮ್ಮಪ್ಪ ನನ್ನ ಹೆಸರು ಬರೆದವ್ನೆ. ಅಕ್ಷರ ಬರದೋನು ಅದೊಂದನ್ನ ಕಲಿತು ಬರೆದಿದ್ದ. ಲಾರಿ ಹೊಸದಾದಾಗ ಆ ಜಾಗ ಖಾಲಿ ಇರಬಾರದು."

ಖಾಲಿ ಇರಲ್ಲ ಕಣವ್ವ ಅಂತ ಹೋದ.

ಮೊದಲ ದಿನ ಮೇಸ್ತ್ರಿ ಬಾಗಿಲಿನ ಒಳಹಲಗೆ ತೆಗಿ ಅಂದ. ಓಬಳೇಶ ಎರಡೂ ಕೈಲಿ ಹಿಡಿದು ಎಳೆದ. ಹಲಗೆ ಬಂತು, ಎರಡು ತುಂಡಾಗಿ ಬಂತು. ಮೇಸ್ತ್ರಿ ಉಗಿದ. ಮನೇಲಿ ಬೋರಮ್ಮನೂ ಉಗಿದಳು. ಮೊದಲು ಸ್ಕ್ರೂ ಎಲ್ಲ ಬಿಚ್ಚಬೇಕು, ಆಮೇಲೆ ಕೈ ಹಾಕಬೇಕು ಅಂತ ಬುದ್ಧಿ ಹೇಳಿದಳು.

ಮಾರನೇ ದಿನ ಚಾವಣಿಗೆ ಅಂಟಿಸಿದ ರೆಕ್ಸಿನ್ ಕೀಳೋ ಕೆಲಸ. ಅದಕ್ಕೆ ಸ್ಕ್ರೂ ಎಲ್ಲಿಂದ ಬರಬೇಕು? ಆದರೂ ನಮ್ಮ ಮಹಾಶಯ ಲಾರಿಲಿದ್ದ ಸ್ಕ್ರೂ ಎಲ್ಲ ಬಿಚ್ಚಿದ. ಮೇಸ್ತ್ರಿ ಬಂದು ಬಾಗಿಲಿಗೆ ಒರಗಿದ್ದೇ ತಡ, ಬಾಗಿಲು ಅವನ ಕಾಲ ಮೇಲೆ ಬಿತ್ತು. ಬಿಚ್ಚಿದ ರಾಶಿಯಲ್ಲಿ ಯಾವುದು ಎಲ್ಲಿಯದು ಅಂತ ದೇವರಿಗೂ ತಿಳಿಯಲಿಲ್ಲ.

ಬೋರಮ್ಮ ಹಣೆ ಚಚ್ಚಿಕೊಂಡಳು. ಇನ್ನುಮೇಲೆ ಏನು ತೆಗೆದರೂ ಡಬ್ಬಿಗೆ ಹಾಕಿ, ಎಲ್ಲಿಂದ ತೆಗೆದದ್ದು ಅಂತ ಚೀಟಿ ಕಟ್ಟಿಡು ಅಂದಳು.

ಮೂರನೇ ದಿನ ಗಾಜಿನ ಮೇಲಿನ ಹಲಗೆ ತೆಗೆದ, ನೀಟಾಗಿ ಚೀಟಿ ಕಟ್ಟಿದ. ಅಷ್ಟಕ್ಕೇ ನಿಲ್ಲಬೇಕಿತ್ತು. ಬೀಡಿ ತುಂಡಿಗೂ ಚೀಟಿ, ಧೂಳಿಗೂ ಚೀಟಿ. ಒಂದು ಡಬ್ಬಿಯ ಮೇಲೆ "ಸೀಟಿನ ಕೆಳಗೆ, ಎಡಗಡೆ" ಅಂತಿತ್ತು. ಮೇಸ್ತ್ರಿ ನಟ್ಟು ಇರಬೇಕು ಅಂತ ಮುಚ್ಚಳ ತೆಗೆದರೆ, ಇಲಿ ಹಾರಿ ಅವನ ಅಂಗಿಯೊಳಗೆ ಹೋಯ್ತು.

"ಕೆಲಸಕ್ಕೆ ಬಾರದ ಹಳೇದನ್ನ ಯಾಕೋ ಇಟ್ಕೋತೀಯ?" ಅಂದಳು ಬೋರಮ್ಮ. "ಗುಜರಿಯವನಿಗೆ ಕೊಟ್ಟು ಹೊಸದೇನಾದ್ರೂ ತಗೋ."

ಆ ಮಾತನ್ನೂ ಅವನು ಮರೆಯಲಿಲ್ಲ, ಮರೆತಿದ್ದರೆ ಚೆನ್ನಾಗಿತ್ತು.

ಲಾರಿ ರೆಡಿಯಾಯ್ತು. ಹೊಸ ಬಣ್ಣ, ಹೊಸ ರೆಕ್ಸಿನ್. ಬೋರಮ್ಮ ಹೊಸ ಸೀರೆ ಉಟ್ಟು ಬಂದು, ಹಿಂದೆ ತಾನು ಪಾಲಯ್ಯನ ಪಕ್ಕ ಕೂರುತ್ತಿದ್ದ ಜಾಗದಲ್ಲೇ ಕೂತಳು. ಅಂಟು ಇನ್ನೂ ಹಸಿ ಇದೆ, ಸೀಟಿನ ಮೇಲೆ ಒಂದು ತೊಟ್ಟು ನೀರೂ ಬೀಳಬಾರದು ಅಂತ ಮೇಸ್ತ್ರಿ ಓಬಳೇಶನಿಗೆ ಹೇಳಿ ಆಚೆ ಹೋದ.

ಅವಳು ತಲೆ ಎತ್ತಿ ನೋಡಿದಳು. ಗಾಜಿನ ಮೇಲೆ ಕೆಂಪು ಪ್ಲಾಸ್ಟಿಕ್ ಬಕೆಟ್ಟು ನೇತಾಡುತ್ತಿತ್ತು. ಅದಕ್ಕೊಂದು ಚೀಟಿ ಬೇರೆ.

"ಹಲಗೆ ಎಲ್ಲೋ?"

"ಮೂವತ್ತು ವರ್ಷದ ಹಳೇದು ಕಣವ್ವ, ಸುಮ್ನೆ ಕೂತಿತ್ತು, ಒಂದು ಕೆಲಸಾನೂ ಮಾಡ್ತಿರಲಿಲ್ಲ. ಸೈಕಲ್ಲಿನ ಗುಜರಿಯವನಿಗೆ ಕೊಟ್ಟು ಇದನ್ನ ತಗೊಂಡೆ. ಅವನು ಅದನ್ನ ಹೋಟೆಲಿನ ಒಲೆಗೆ ಸೌದೆ ಅಂತ ಮಾರಿದ್ನಂತೆ, ಉರಿದೂ ಹೋಯ್ತಂತೆ. ನೋಡು, ಜಾಗ ಖಾಲಿ ಇಲ್ಲ."

ಬೋರಮ್ಮ ಬೈಯಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಅಳೋಕೆ ಶುರು ಮಾಡಿದಳು. ಕಣ್ಣೀರು ಗಲ್ಲದಿಂದ ಜಾರುತ್ತಿತ್ತು.

ಓಬಳೇಶ ಸೀಟು ನೋಡಿದ, ಗಾಬರಿಯಾದ. ತಟ್ಟನೆ ಬಕೆಟ್ಟು ಇಳಿಸಿ ಅವಳ ಗಲ್ಲದ ಕೆಳಗೆ ಹಿಡಿದ. ಇನ್ನೊಂಚೂರು ಮುಂದಕ್ಕೆ ಬಗ್ಗವ್ವ ಅಂದ.