ಹಿರಿಯರು ಮುಟ್ಟದ ಎಡೆ

ಬೋರಲಿಂಗನ ಮನೆಯ ಗಂಡಸರಿಗೆ ಎದೆ ಹಿಡಿದು ಸಾಯುವ ಶಾಪ ಇದೆ ಅಂತ ಊರೇ ಹೇಳುತ್ತಿತ್ತು. ಅವನ ತಾತ ಆಲೆಮನೆಯ ಹಗ್ಗದ ಮಂಚದ ಮೇಲೆ ಕೂತ ಹಾಗೇ ಎದೆ ಒತ್ತಿಕೊಂಡು ವಾಲಿದ. ಅಪ್ಪ ಹೋದದ್ದೂ ಅದೇ ಮಂಚದ ಮೇಲೆ. ಹೋದ ವರ್ಷ ಅಣ್ಣ ಮಾದಯ್ಯ, ತಲೆಯಲ್ಲಿ ಒಂದು ಕೂದಲೂ ನೆರೆತಿರಲಿಲ್ಲ, ತುಟಿಯಲ್ಲಿ ಬೀಡಿ ಉರಿಯುತ್ತಿರುವಾಗಲೇ ಕಣ್ಣು ಮುಚ್ಚಿದ. ಉಳಿದವನು ಬೋರಲಿಂಗ ಒಬ್ಬನೇ.

ಅವನಿಗೂ ಜಗಲಿ ಹತ್ತುವಷ್ಟರಲ್ಲಿ ಏದುಸಿರು. ಆಸ್ಪತ್ರೆಯ ಡಾಕ್ಟರಮ್ಮ ಬಿ.ಪಿ. ನೋಡಿ, "ಉಪ್ಪು, ಕೊಬ್ಬು ಕಮ್ಮಿ ಮಾಡಪ್ಪ. ಬೀಡಿ ಬಿಡು. ದಿನಾ ನಡಿ. ಮಾತ್ರೆ ತಪ್ಪಿಸಬೇಡ" ಅಂದಿದ್ದರು. ಮಾತ್ರೆ ಗೋಡೆಯ ಗೂಡಿನಲ್ಲಿ ಧೂಳು ಕುಡಿಯುತ್ತಿತ್ತು.

"ನುಂಗಿ ಕಣ್ರೀ. ಮಗಳಿಗೆ ಇನ್ನೂ ಹಾಲುಹಲ್ಲು ಬಿದ್ದಿಲ್ಲ" ಅಂತ ಹೆಂಡತಿ ದೇವೀರಿ ಗೋಗರೆದಳು.

"ಹೋಗಮ್ಮಿ, ಶಾಪಕ್ಕೆ ಎಲ್ಲಾದರೂ ಮಾತ್ರೆ ಇದ್ದದ್ದುಂಟಾ? ಅಲ್ಲೀವರೆಗೆ ನಾಲಿಗೆಯಾದರೂ ಸುಖವಾಗಿರಲಿ" ಅಂದ ಬೋರಲಿಂಗ.

ಹಿರಿಯರ ಹಬ್ಬ ಬಂತು. ಸತ್ತವರು ಏನು ಇಷ್ಟಪಡುತ್ತಿದ್ದರೋ ಅದನ್ನೇ ಮಾಡಿ ಎಡೆ ಇಡುವುದು ಆ ಮನೆಯ ಪದ್ಧತಿ. ತಾತನ ಎಲೆಗೆ ಕುರಿ ಕರುಳಿನ ಬೋಟಿ ಗೊಜ್ಜು. ಅಪ್ಪನ ಎಲೆಗೆ ಮೇಲೆ ಕೊಬ್ಬು ತೇಲುವ ಕುರಿ ಸಾರು. ಮಾದಯ್ಯನ ಎಲೆಗೆ ಎಣ್ಣೆಯಲ್ಲಿ ಮುಳುಗಿಸಿ ಕರಿದ ಕೋಳಿ, ಉಪ್ಪುಮೀನು, ಪಕ್ಕದಲ್ಲಿ ಬೀಡಿ ಕಟ್ಟು. ದೀಪ ಹಚ್ಚಿ, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಹೊರಗೆ ಕಾಯಬೇಕು. ಹಿರಿಯರು ಬಂದು ಉಂಡು ಹೋದ ಮೇಲೆ ಆ ಎಲೆಗಳನ್ನು ಮನೆಯ ಯಜಮಾನ ಒಂದು ಅಗುಳೂ ಬಿಡದೆ ಉಣ್ಣಬೇಕು. ತಾತನ ಎಲೆ ಅಪ್ಪ ಉಂಡಿದ್ದ. ಅಪ್ಪನ ಎಲೆ ಮಾದಯ್ಯ ಉಂಡಿದ್ದ. ಈಗ ಬೋರಲಿಂಗನ ಸರದಿ.

ಸಂಜೆಗತ್ತಲು. ಜಗಲಿಯಲ್ಲಿ ಕೂತವನಿಗೆ ಕರಿದ ಕೋಳಿಯ ವಾಸನೆ ತಡೆಯಲಾಗಲಿಲ್ಲ. ಒಂದು ಕಾಲು ತಿಂದರೆ ಸತ್ತವರೇನು ಎಣಿಸುತ್ತಾರಾ ಅಂತ ಹಿತ್ತಿಲ ಬಾಗಿಲಿಂದ ಒಳಗೆ ನುಸುಳಿದ. ರಾಗಿ ತುಂಬುವ ಗುಡಾಣದ ಹತ್ತಿರ ಬಂದವನು ಅಲ್ಲೇ ಕಲ್ಲಾದ.

ಮೂರು ಎಲೆಗಳ ಮುಂದೆ ಮೂವರು ಕೂತಿದ್ದರು. ತಾತ. ಅಪ್ಪ. ಅಣ್ಣ. ಮೂವರ ಎಡಗೈಯೂ ಎದೆಯ ಮೇಲೇ ಇತ್ತು, ಒಳಗಿಂದ ಯಾರೋ ತಳ್ಳುತ್ತಿರುವ ಕದವನ್ನು ಒತ್ತಿ ಹಿಡಿದ ಹಾಗೆ. ಯಾರೂ ತುತ್ತು ಎತ್ತಲಿಲ್ಲ. ಬಲಗೈಯಿಂದ ಒಂದೊಂದೇ ಚೂರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಿದ್ದರು. ಪಕ್ಕದಲ್ಲಿ ನಾಲ್ಕನೇ ಎಲೆ. ದೇವೀರಿ ಇಟ್ಟದ್ದಲ್ಲ. ಈಗತಾನೆ ತೊಳೆದ ಹಾಗೆ ನೀರು ತೊಟ್ಟಿಕ್ಕುತ್ತಿತ್ತು. ಅದು ಗುಡಾಣದ ಕಡೆಗೆ ಮುಖ ಮಾಡಿತ್ತು.

"ಉಣ್ಣಲ್ವಾ?" ಬೋರಲಿಂಗನಿಗೆ ಗೊತ್ತಿಲ್ಲದೆ ಬಾಯಿಂದ ಬಂತು.

ಮೂವರೂ ತಿರುಗಿದರು.

"ಸಾಕಾಗಿದೆ ಕಣೋ ಬೋರ" ಅಂದ ಮಾದಯ್ಯ. "ಇದನ್ನೇ ತಿಂದು ತಿಂದು ಇಲ್ಲಿಗೆ ಬಂದೋರು ನಾವು. ವರ್ಷಾ ವರ್ಷಾ ಇದನ್ನೇ ಮುಂದಿಡ್ತೀರಲ್ಲ."

"ಮತ್ತೆ... ಶಾಪ?"

ಅಪ್ಪ ನಕ್ಕ. ಬದುಕಿದ್ದಾಗ ಆಳುಗಳನ್ನು ಆಡಿಕೊಂಡು ನಗುತ್ತಿದ್ದನಲ್ಲ, ಅದೇ ನಗು. "ಯಾವೋನು ಹಾಕಿದ್ನೋ ಶಾಪಾನ, ಪೆದ್ದ? ರಕ್ತದಲ್ಲಿ ಬಂದಿದ್ದು ಚೂರೇ ಚೂರು. ಮಿಕ್ಕಿದ್ದು ನಾವೇ ಬಡಿಸ್ಕೊಂಡಿದ್ದು. ನಮ್ಮಪ್ಪ ತಿಂದ ಅಂತ ನಾನು ತಿಂದೆ. ನಾನು ಮಂಚ ಬಿಟ್ಟು ಏಳಲಿಲ್ಲ ಅಂತ ಇವನೂ ಏಳಲಿಲ್ಲ."

ತಾತ ಮಾತ್ರ ದೂರಲಿಲ್ಲ, ನಗಲಿಲ್ಲ. ಮಗುವನ್ನು ಕರೆಯುವ ಹಾಗೆ, ನಾಲ್ಕನೇ ಎಲೆಯ ಮುಂದಿನ ನೆಲವನ್ನು ಕೈಯಲ್ಲಿ ತಟ್ಟಿದ.

"ಬಾ ಮಗ, ಕೂತ್ಕೊ. ನಿನ್ನೆಲೆ ಹಾಕಾಗಿದೆ."

ಬೋರಲಿಂಗನ ಮೊಣಕಾಲು ಕೂರಲು ತಾನಾಗಿಯೇ ಮಡಚಿಕೊಳ್ಳತೊಡಗಿತು. ಆಗ ಹೊರಗೆ ಮಗಳು ಚಂದ್ರಿ, "ಅಪ್ಪಾ, ಎಲ್ಲಿದ್ದೀಯಾ?" ಅಂತ ಕೂಗಿದಳು. ಆ ಕೂಗನ್ನೇ ಹಗ್ಗದ ಹಾಗೆ ಹಿಡಿದುಕೊಂಡು ಹೊರಗೆ ಬಿದ್ದ.

ಆವತ್ತು ಅವನು ಎಡೆ ಉಣ್ಣಲಿಲ್ಲ. ಬೆಳಗಾದ ಮೇಲೆ ಆಸ್ಪತ್ರೆಗೆ ಹೋದ, ನಡೆದೇ ಹೋದ. ಮಾತ್ರೆ ನುಂಗಿದ. ಬೀಡಿ ಬಿಡುವಾಗ ಮನೆಯವರ ಮೇಲೆಲ್ಲ ರೇಗಾಡಿದ, ಆದರೂ ಬಿಟ್ಟ. ಆಲೆಮನೆಯ ಮಂಚವನ್ನು ಒಡೆದು ಒಲೆಗೆ ಹಾಕಿಸಿ, ಆಳುಗಳ ಜೊತೆ ತಾನೂ ಕಬ್ಬು ಹೊತ್ತ.

ಮರುವರ್ಷ ಹಿರಿಯರ ಹಬ್ಬಕ್ಕೆ ದೇವೀರಿ ಸೊಪ್ಪಿನ ಪಲ್ಯ, ಹುರುಳಿ ಸಾರು, ತೆಳ್ಳಗೆ ರಾಗಿ ಅಂಬಲಿ ಮಾಡಿ ಎಡೆ ಇಟ್ಟಳು. ಬಾಗಿಲು ಮುಚ್ಚಿ ಎಲ್ಲರೂ ಜಗಲಿಯಲ್ಲಿ ಕೂತರು. ಹಾಲುಹಲ್ಲು ಬಿದ್ದ ಬೊಚ್ಚುಬಾಯಿ ಚಂದ್ರಿ ಕೇಳಿದಳು:

"ಅಪ್ಪಾ, ತಾತಂಗೆ ಬಾಡು ಅಂದ್ರೆ ಇಷ್ಟ ಇರ್ಲಿಲ್ವಾ?"

"ಬಲು ಇಷ್ಟ ಇತ್ತು ಮಗ. ಅದಕ್ಕೇ ನೀನು ತಾತನ್ನ ನೋಡಲಿಲ್ಲ."

ಅಷ್ಟರಲ್ಲಿ ಮುಚ್ಚಿದ ಬಾಗಿಲ ಒಳಗಿಂದ, ಸೊರ್ ಅಂತ, ಹಸಿದವರು ಅಂಬಲಿ ಹೀರುವ ಸದ್ದು ಬಂತು.

ನೀತಿ: ಮನೆತನದಿಂದ ಬಂದ ರೋಗ ಅಂತ ಕೈಚೆಲ್ಲಿ ಕೂರಬೇಡಿ ಮಕ್ಕಳೇ. ರಕ್ತದ ಜೊತೆಗೆ ಊಟ, ಚಟ, ಸೋಮಾರಿತನ ಕೂಡ ಅಪ್ಪನಿಂದ ಮಗನಿಗೆ ಬರುತ್ತವೆ. ರಕ್ತ ಬದಲಾಯಿಸಲಾಗದು. ಎಲೆಯ ಮೇಲಿನದ್ದನ್ನು ಬದಲಾಯಿಸಬಹುದು.